ಮಾವನವರ ಅಜ್ಜ ಇಟಲಿಯ ಯಾವ ಊರಿನವರು? ಮೂರು ಕಾಗದ, ಮೂರು ಉತ್ತರ

ಪ್ಯಾಟರ್ಸನ್ ಸೊಸೆ

ನಾನು ರಾಮನಗರದವಳು, ರೇಷ್ಮೆಗೂಡಿನ ಮಾರುಕಟ್ಟೆಯ ವಾಸನೆಯಲ್ಲೇ ಬೆಳೆದವಳು. ಮದುವೆಯಾಗಿ ನ್ಯೂಜೆರ್ಸಿಗೆ ಬಂದು 16 ವರ್ಷವಾಯಿತು. ಗಂಡನ ಮನೆಯವರು ಇಟಲಿ ಮೂಲದವರು. ಅವರ ಕಡೆಯೂ ರೇಷ್ಮೆಯೇ! ನನ್ನ ಮಾವನವರ ಅಜ್ಜ ಪ್ಯಾಟರ್ಸನ್ ಊರಿನ ರೇಷ್ಮೆ ಬಣ್ಣದ ಕಾರ್ಖಾನೆಯಲ್ಲಿ ಕೈ ನೀಲಿಯಾಗುವವರೆಗೆ ದುಡಿದವರು. ಅವರನ್ನು ಇಲ್ಲಿ ಹಿರಿಯಜ್ಜ ಎಂದು ಕರೆಯುತ್ತೇನೆ. ಮನೆತನದ ಹೆಸರನ್ನು ನಾಲ್ಕು ಜನರ ನಡುವೆ ಇಡುವುದು ಮಾವನವರಿಗೆ ಇಷ್ಟವಿಲ್ಲ.

ಮಾವನವರಿಗೆ ಈಗ 78. ಹಿರಿಯಜ್ಜನ ಊರನ್ನು ಒಮ್ಮೆ ನೋಡಬೇಕೆಂಬ ಆಸೆ. ಊರು ಯಾವುದೆಂದೇ ಯಾರಿಗೂ ಗೊತ್ತಿಲ್ಲ. ಮನೆಯಲ್ಲಿ ನಡೆದುಬಂದ ಕತೆ ಇಷ್ಟು: 1905ರಲ್ಲಿ ಹದಿನೇಳರ ಹುಡುಗ ಒಬ್ಬನೇ ಹಡಗು ಹತ್ತಿ ಬಂದ. ನ್ಯೂಯಾರ್ಕ್ ಬಂದರಿನಲ್ಲಿ ವಲಸಿಗರನ್ನು ತಪಾಸಣೆ ಮಾಡುತ್ತಿದ್ದ ಎಲಿಸ್ ದ್ವೀಪದ ಗುಮಾಸ್ತನಿಗೆ ಇಟಲಿಯ ಭಾಷೆ ತಿಳಿಯದೆ ಮನೆತನದ ಹೆಸರಿನ ಕೊನೆಯ ಸ್ವರವನ್ನು ನುಂಗಿಹಾಕಿದ. ಪ್ಯಾಟರ್ಸನ್‌ನಲ್ಲೇ ಮದುವೆಯಾಗಿ ನಾಲ್ಕು ಮಕ್ಕಳಾದವು. ಮತ್ತೆ ಇಟಲಿಯ ಕಡೆ ತಲೆಹಾಕಿ ಮಲಗಲಿಲ್ಲ.

ಕೈಯಲ್ಲಿರುವ ಕಾಗದಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ. ಮರಣ ಪತ್ರದಲ್ಲಿ ಹುಟ್ಟಿದ ಊರು ನೇಪಲ್ಸ್ ಎಂದಿದೆ. 1942ರಲ್ಲಿ ಸೈನ್ಯಕ್ಕೆ ಹೆಸರು ಬರೆಸಿದ ಚೀಟಿಯಲ್ಲಿ ಕಾಂಪೊಬಾಸ್ಸೊ ಎಂದಿದೆ. ಹಿರಿಯಜ್ಜಿಯ ಪ್ರಾರ್ಥನೆ ಪುಸ್ತಕದಲ್ಲಿ ಪೆನ್ಸಿಲ್ಲಿನಲ್ಲಿ ಅಬ್ರುಝಿ ಎಂದು ಬರೆದಿದೆ. ಬಂದ ವರ್ಷವೂ ಅಷ್ಟೇ, 1920ರ ಜನಗಣತಿಯಲ್ಲಿ 1909, 1930ರದ್ದರಲ್ಲಿ 1905. ಎಲ್ಲಿಂದ ಹಿಡಿಯಲಿ?

ನಿವೃತ್ತ ನೋಂದಣಿಗಾರ

ತಾಯಿ, ನಾನು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ 34 ವರ್ಷ ಕಡತ ಉಸಿರಾಡಿದವನು. ಇಟಲಿಯನ್ನು ಭೂಪಟದಲ್ಲಿ ಮಾತ್ರ ನೋಡಿದ್ದೇನೆ. ಆದರೆ ಕಾಗದದ ಸ್ವಭಾವ ಎಲ್ಲ ದೇಶದಲ್ಲೂ ಒಂದೇ. ಮೊದಲು ಕೇಳಬೇಕಾದದ್ದು, ಆ ಮಾಹಿತಿಯನ್ನು ಹೇಳಿದವರು ಯಾರು? ಮರಣ ಪತ್ರದಲ್ಲಿ ಸತ್ತವನು ಹೇಳುವುದಿಲ್ಲ. ಮಗನೋ ಅಳಿಯನೋ ಹೇಳಿರುತ್ತಾನೆ, ಅದೂ ದುಃಖದಲ್ಲಿ, ಅವಸರದಲ್ಲಿ. ಜನಗಣತಿಯವನು ಬಾಗಿಲು ತಟ್ಟಿದಾಗ ಪಕ್ಕದ ಮನೆಯವರು ಉತ್ತರ ಕೊಟ್ಟಿರಲೂಬಹುದು. 1942ರ ಚೀಟಿಗೆ ಮಾತ್ರ ಅವರೇ ಹೋಗಿ ಬಾಯಿಬಿಟ್ಟು ಹೇಳಿ ಸಹಿ ಹಾಕಿದ್ದಾರೆ. ನನ್ನ ಮತ ಆ ಚೀಟಿಗೆ.

ನಮ್ಮ ಉತ್ತರ ಕರ್ನಾಟಕದಲ್ಲಿ ಹೆಳವರು ಬಂದು ಏಳು ತಲೆಮಾರಿನ ಹೆಸರು ಓದುತ್ತಾರೆ. ನಿಮ್ಮ ಮಾವನವರ ಕಡೆ ಅಂಥವರು ಇರಲಿಲ್ಲವೋ ಏನೋ.

ತೊರಿನೊ ಕನ್ನಡಿಗ

ಅಕ್ಕ, ನಾನು ಇಟಲಿಯ ತೊರಿನೊದಲ್ಲಿ ಓದಲು ಬಂದು ಇಲ್ಲೇ ನೆಲೆಸಿದವನು. ನಿಮ್ಮ ಮೂರು ಕಾಗದಗಳಲ್ಲಿ ಮೂರೂ ಸರಿ.

ಕಾಂಪೊಬಾಸ್ಸೊ ಒಂದು ಪಟ್ಟಣವೂ ಹೌದು, ಪ್ರಾಂತ್ಯವೂ ಹೌದು. ಹಾಸನದ ಯಾವುದೋ ಹಳ್ಳಿಯವರು ಬೆಂಗಳೂರಿನಲ್ಲಿ ಕೇಳಿದವರಿಗೆ ಹಾಸನ ಎಂದುಬಿಡುವುದಿಲ್ಲವೇ, ಹಾಗೆ. ಆ ಪ್ರಾಂತ್ಯ ಇರುವುದು ಮೊಲಿಸೆ ಪ್ರದೇಶದಲ್ಲಿ. 1963ರವರೆಗೆ ಮೊಲಿಸೆ ಪ್ರತ್ಯೇಕವಾಗಿರಲಿಲ್ಲ, 'ಅಬ್ರುಝಿ ಮತ್ತು ಮೊಲಿಸೆ' ಎಂಬ ಜೋಡಿ ಹೆಸರಿತ್ತು. ಹಾಗಾಗಿ ಪ್ರಾರ್ಥನೆ ಪುಸ್ತಕದ ಅಬ್ರುಝಿ. ಇನ್ನು ನೇಪಲ್ಸ್ ಅವರು ಹಡಗು ಹತ್ತಿದ ಬಂದರು. 1861ರಲ್ಲಿ ಇಟಲಿ ಒಂದಾಗುವ ಮುಂಚೆ ಆ ಸೀಮೆಯೆಲ್ಲ ನೇಪಲ್ಸಿನ ರಾಜ್ಯವೇ.

ಆದರೆ ಮೊಲಿಸೆಯಲ್ಲಿ 136 ಕೊಮೂನೆಗಳಿವೆ. ಕೊಮೂನೆ ಎಂದರೆ ಪುರಸಭೆ, ಪಂಚಾಯಿತಿ ಎರಡೂ ಸೇರಿದಂತೆ ಎಂದುಕೊಳ್ಳಿ. ದಾಖಲೆಗಳೆಲ್ಲ ಕೊಮೂನೆವಾರು ಇರುತ್ತವೆ, ಇಡೀ ದೇಶಕ್ಕೆ ಒಂದೇ ಪಟ್ಟಿ ಎಂಬುದಿಲ್ಲ. ಆದ್ದರಿಂದ ಊರು ಸಿಗುವವರೆಗೆ ಇಟಲಿಯ ಕಡೆ ಹೊರಳಬೇಡಿ. ಊರನ್ನು ಅಮೆರಿಕದಲ್ಲೇ ಹುಡುಕಬೇಕು.

ಸಂಶಯಪ್ಪ

ಒಂದು ಕತೆಯನ್ನು ಮೊದಲೇ ಕಸದ ಬುಟ್ಟಿಗೆ ಹಾಕೋಣ ಮೇಡಂ. ಎಲಿಸ್ ದ್ವೀಪದಲ್ಲಿ ಯಾರೂ ಯಾರ ಹೆಸರನ್ನೂ ಬದಲಿಸಲಿಲ್ಲ. ಅಲ್ಲಿ ಹೆಸರು ಬರೆದುಕೊಳ್ಳುವ ಪದ್ಧತಿಯೇ ಇರಲಿಲ್ಲ. ಪ್ರಯಾಣಿಕರ ಪಟ್ಟಿ ಸಿದ್ಧವಾಗುತ್ತಿದ್ದುದು ಹೊರಡುವ ಬಂದರಿನಲ್ಲಿ, ಹಡಗು ಕಂಪನಿಯವರ ಕೈಯಲ್ಲಿ. ದ್ವೀಪದ ತನಿಖಾಧಿಕಾರಿ ಆ ಪಟ್ಟಿ ಹಿಡಿದು ಪ್ರಶ್ನೆ ಕೇಳಿ ಗುರುತು ಹಾಕುತ್ತಿದ್ದ, ಅಷ್ಟೇ. ಭಾಷೆ ಬಾರದ ಗುಮಾಸ್ತನ ಮಾತಂತೂ ನಿಲ್ಲುವುದೇ ಇಲ್ಲ. ಅಲ್ಲಿ ದುಭಾಷಿಗಳ ಪಡೆಯೇ ಇತ್ತು. ಮುಂದೆ ನ್ಯೂಯಾರ್ಕಿನ ಮೇಯರ್ ಆದ ಫಿಯೊರೆಲ್ಲೊ ಲಾ ಗಾರ್ಡಿಯಾ 1907ರಿಂದ 1910ರವರೆಗೆ ಆ ದ್ವೀಪದಲ್ಲಿ ದುಭಾಷಿಯಾಗಿದ್ದರು. ಇಟಲಿಯ ಭಾಷೆ ಅವರಿಗೆ ಚೆನ್ನಾಗಿ ಬರುತ್ತಿತ್ತು.

ಹೆಸರು ಬದಲಾಗುವುದು ಆಮೇಲೆ. ಶಾಲೆಯ ಮೇಷ್ಟರ ಬಾಯಲ್ಲಿ, ಕಾರ್ಖಾನೆಯ ಸಂಬಳದ ಪುಸ್ತಕದಲ್ಲಿ, ಹೆಚ್ಚಿನ ಸಲ ಅವರವರ ಇಚ್ಛೆಯಿಂದಲೇ. ವಿಂಚೆನ್ಸೊ ಎಂಬಾತ ಜೇಮ್ಸ್ ಆಗುತ್ತಾನೆ, ಸಾಲ್ವತೋರೆ ಸ್ಯಾಮ್ ಆಗುತ್ತಾನೆ, ಕಲೋಜೆರೊ ಚಾರ್ಲ್ಸ್ ಆಗುತ್ತಾನೆ. ಬಂದು ಇಳಿದ ದಿನದ ಪಟ್ಟಿಯಲ್ಲಿ ಜೇಮ್ಸ್‌ನನ್ನು ಹುಡುಕಿದರೆ ಕಣ್ಣು ಹೋಗುತ್ತದೆಯೇ ಹೊರತು ಆಸಾಮಿ ಸಿಗುವುದಿಲ್ಲ.

ಪ್ಯಾಟರ್ಸನ್ ಸೊಸೆ

ಅಯ್ಯೋ, ಹೆಸರಿನ ಕತೆ ಸುಳ್ಳೆಂದರೆ ಮಾವನವರು ಊಟ ಬಿಡುತ್ತಾರೆ. ಪ್ರತಿ ಕ್ರಿಸ್‌ಮಸ್‌ಗೂ ಅದನ್ನು ಹೇಳದೆ ಕೇಕ್ ಕತ್ತರಿಸುವುದಿಲ್ಲ ಅವರು. ಸದ್ಯಕ್ಕೆ ನಾನು ಅವರಿಗೆ ಹೇಳುವುದಿಲ್ಲ.

ನೋಂದಣಿ ಸರ್ ಹೇಳಿದ ಮಾತಿನ ಜಾಡಿನಲ್ಲಿ ಯೋಚಿಸಿದೆ: ಅವರೇ ಬಾಯಿಬಿಟ್ಟು ಹೇಳಿದ ಬೇರೆ ಕಾಗದ ಯಾವುದಿರಬಹುದು?

ಸಂಶಯಪ್ಪ

ಪೌರತ್ವದ ಕಾಗದ. ಜನಗಣತಿಯಲ್ಲಿ ಬಂದ ವರ್ಷದ ಪಕ್ಕದ ಅಂಕಣ ನೋಡಿ. ಎರಡು ಅಕ್ಷರಗಳಿರುತ್ತವೆ. 'ಎಎಲ್' ಎಂದರೆ ಇನ್ನೂ ಪರದೇಶಿ, 'ಪಿಎ' ಎಂದರೆ ಮೊದಲ ಕಾಗದ ಹಾಕಿದ್ದಾನೆ, 'ಎನ್ಎ' ಎಂದರೆ ಪೌರನಾದ. 1920ರಲ್ಲಿ ಏನಿದೆ, 1930ರಲ್ಲಿ ಏನಿದೆ?

ಅಮೆರಿಕದಲ್ಲಿ 1906ರ ಸೆಪ್ಟೆಂಬರ್ 27ಕ್ಕೆ ಮುಂಚೆ ಪೌರತ್ವದ ಕಾಗದಗಳು ಒಂದೊಂದು ನ್ಯಾಯಾಲಯದಲ್ಲಿ ಒಂದೊಂದು ಬಗೆ. ಬಹಳಷ್ಟರಲ್ಲಿ 'ಇಟಲಿಯ ದೊರೆಯ ಪ್ರಜೆ' ಎಂಬಷ್ಟೇ ಸಿಗುತ್ತದೆ. ಆ ದಿನದ ನಂತರ ದೇಶಕ್ಕೆಲ್ಲ ಒಂದೇ ನಮೂನೆ ಬಂತು. ಹುಟ್ಟಿದ ಊರು, ದಿನಾಂಕ, ಹಡಗಿನ ಹೆಸರು, ಇಳಿದ ದಿನ, ಎತ್ತರ, ಮುಖದ ಗುರುತು ಎಲ್ಲವನ್ನೂ ಬರೆಯಿಸುತ್ತಿದ್ದರು.

ಪ್ಯಾಟರ್ಸನ್ ಸೊಸೆ

1920ರಲ್ಲಿ ಎಎಲ್. 1930ರಲ್ಲಿ ಎನ್ಎ. ನಡುವಿನ ಹತ್ತು ವರ್ಷ!

ಕೊಡಿಯಾಲದ ಪೊರ್ಬು

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಮಂಗಳೂರಿನ ನಮಗೆ ಇಟಲಿಯವರೆಂದರೆ ಜೆಸ್ವಿಟ್ ಪಾದ್ರಿಗಳು. ಅಲೋಶಿಯಸ್ ಚಾಪೆಲ್ಲಿನ ಗೋಡೆ ತುಂಬ ಚಿತ್ರ ಬರೆದ ಬ್ರದರ್ ಆಂತೊನಿಯೊ ಮೊಸ್ಕೇನಿ ಬೆರ್ಗಾಮೊ ಕಡೆಯವರು. ಅದು ಬೇರೆ ಕತೆ, ಬಿಡಿ.

ಹೇಳಬೇಕಾದದ್ದು ಇಗರ್ಜಿಯ, ಅಂದರೆ ಚರ್ಚಿನ, ಪುಸ್ತಕದ ಬಗ್ಗೆ. ಹಿರಿಯಜ್ಜ ಪ್ಯಾಟರ್ಸನ್ನಿನ ಕಥೋಲಿಕ ಇಗರ್ಜಿಯಲ್ಲಿ ಮದುವೆಯಾಗಿದ್ದರೆ, ಅವರು ತಮ್ಮ ದೀಕ್ಷಾಸ್ನಾನ ಎಲ್ಲಿ ಆಯಿತೆಂಬ ಪತ್ರ ತಂದು ತೋರಿಸಬೇಕಿತ್ತು. 1908ರ ಈಸ್ಟರ್‌ನಿಂದ ರೋಮಿನ ಹೊಸ ನಿಯಮ ಜಾರಿಗೆ ಬಂತು. ಎಲ್ಲೇ ಮದುವೆ ನಡೆದರೂ ದೀಕ್ಷಾಸ್ನಾನವಾದ ಊರಿನ ಪಾದ್ರಿಗೆ ಸುದ್ದಿ ಕಳಿಸಬೇಕು, ಅವರು ತಮ್ಮ ಪುಸ್ತಕದಲ್ಲಿ ಆ ಹೆಸರಿನ ಪಕ್ಕದಲ್ಲಿ ಬರೆದುಕೊಳ್ಳಬೇಕು. ಮಂಗಳೂರಿನಲ್ಲೂ ಇದೇ ಪದ್ಧತಿ. ನನ್ನ ಹೆಸರಿನ ಪಕ್ಕದಲ್ಲೂ ಬರೆದಿದ್ದಾರೆ, ಬೇಕಾದರೆ ಬಂದು ನೋಡಬಹುದು. ಸರಕಾರಿ ಪತ್ರ ಬಿಟ್ಟು ಇಗರ್ಜಿಯ ಮದುವೆ ಪುಸ್ತಕವನ್ನೇ ಕೇಳಿ.

ಬಣ್ಣದ ಚೀಟಿ

ಇಟಲಿಯವರೆಂದ ಕೂಡಲೇ ನೆನಪಾಯಿತು. ಎರಡನೆಯ ಮಹಾಯುದ್ಧದಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಇಟಲಿಯ ಸೈನಿಕರನ್ನು ಸೆರೆಯಿಟ್ಟಿದ್ದರಲ್ಲ, ಅವರ ಪೈಕಿ ಯಾರಾದರೂ ಇಲ್ಲೇ ಉಳಿದರೇ?

ಸಂಶಯಪ್ಪ

ಅದಕ್ಕೆ ಬೇರೆ ಎಳೆ ತೆರೆಯಿರಿ ಸ್ವಾಮಿ. ಇಲ್ಲಿ ಒಂದು ಊರೇ ಸಿಕ್ಕಿಲ್ಲ.

ಪ್ಯಾಟರ್ಸನ್ ಸೊಸೆ

ಮೂರು ವಾರದ ನಂತರ ಬರುತ್ತಿದ್ದೇನೆ. ಕೌಂಟಿ ಕಚೇರಿಯಲ್ಲಿ ಪೌರತ್ವದ ಮೊದಲ ಕಾಗದ ಸಿಕ್ಕಿತು. ಹುಟ್ಟಿದ ಊರು ಎಂಬಲ್ಲಿ ಕಾಂಪೊಬಾಸ್ಸೊ ಎಂದೇ ಬರೆದಿದ್ದಾರೆ. ಓದಿ ಮನಸ್ಸು ಕುಗ್ಗಿತು. ಆದರೆ ಹಡಗಿನ ಹೆಸರು ಪ್ರಿನ್ಸೆಸ್ ಐರೀನ್, ಇಳಿದದ್ದು 1909ರ ಶರತ್ಕಾಲದಲ್ಲಿ. ಮನೆಯ ಗೋಡೆಯಲ್ಲಿ ಚೌಕಟ್ಟು ಹಾಕಿ ತೂಗುಹಾಕಿರುವುದು ಬೇರೆಯೇ ಹಡಗಿನ ಚಿತ್ರ!

ಮತ್ತೊಂದು. ಕೆಳಗೆ ಅವರದೇ ಸಹಿಯಿದೆ. ಕೊನೆಯ ಸ್ವರವಿಲ್ಲ. ಬಿಟ್ಟದ್ದು ಗುಮಾಸ್ತನಲ್ಲ, ಅವರೇ.

ಹಡಗಿನ ಪಟ್ಟಿಯಲ್ಲಿ ಹೆಸರು ಹಾಕಿ ಹುಡುಕಿದರೆ ಏನೂ ಬರುತ್ತಿಲ್ಲ. ಒಂದು ಜಾಲತಾಣದಲ್ಲಿ ಯಾರೋ ಪುಣ್ಯಾತ್ಮರು ಇವರನ್ನು ಸಿಸಿಲಿಯ ಕುಟುಂಬವೊಂದಕ್ಕೆ ಅಂಟಿಸಿ ವಂಶವೃಕ್ಷ ಬಿಡಿಸಿಟ್ಟಿದ್ದಾರೆ. ಅದನ್ನು ನಂಬಿ ನಾನು ಎರಡು ರಾತ್ರಿ ಕಳೆದೆ.

ಸಂಶಯಪ್ಪ

ಹೆಸರಿನಿಂದ ಹುಡುಕಬೇಡಿ. ಹಳೆಯ ಕೈಬರಹವನ್ನು ನೋಡಿ ಸೂಚಿ ಮಾಡಿದವರು ಮೊದಲ ಅಕ್ಷರವನ್ನೇ ತಪ್ಪು ಓದಿರುತ್ತಾರೆ. ಸ್ಟೀವ್ ಮೋರ್ಸ್ ರೂಪಿಸಿದ ಹುಡುಕು ಪುಟವಿದೆ, ಉಚಿತ. ಅದರಲ್ಲಿ ಮನೆತನದ ಹೆಸರು ಖಾಲಿ ಬಿಟ್ಟು ಇಟ್ಟ ಹೆಸರು, ವಯಸ್ಸು, ವರ್ಷ, ಹಡಗು ಇಷ್ಟನ್ನೇ ಹಾಕಿ. ಅದೂ ಸೋತರೆ ಆ ದಿನದ ಹಡಗಿನ ಪುಟಗಳನ್ನು ಒಂದೊಂದಾಗಿ ಮಗುಚಬೇಕು. ಸುಲಭದ ಮಾತಲ್ಲ. 1907ನೆಯ ಒಂದೇ ಸಾಲಿನಲ್ಲಿ ಇಟಲಿಯಿಂದ ಅಮೆರಿಕಕ್ಕೆ ಬಂದವರು 2,85,731 ಜನ.

ಸಿಕ್ಕ ಮೇಲೆ ಎರಡನೆಯ ಪುಟವನ್ನು ಮರೆಯಬೇಡಿ. ಆ ಕಾಲದ ಪಟ್ಟಿ ಎಡಬಲ ಎರಡು ಹಾಳೆಯಷ್ಟು ಅಗಲ. ಎಡಗಡೆ ಹೆಸರು ನೋಡಿ ಖುಷಿಯಾಗಿ ಚಿತ್ರ ಇಳಿಸಿಕೊಂಡು ಹೋಗುವವರೇ ಹೆಚ್ಚು. ಅಮೆರಿಕದಲ್ಲಿ ಯಾರ ಮನೆಗೆ ಹೋಗುತ್ತಿದ್ದಾನೆ, ಹಿಂದೆ ಬಂದಿದ್ದನೇ, ಎತ್ತರವೆಷ್ಟು, ಹುಟ್ಟಿದ್ದು ಎಲ್ಲಿ ಎಂಬುದೆಲ್ಲ ಬಲಗಡೆ ಇರುತ್ತದೆ. ಊರಿನಲ್ಲಿ ಬಿಟ್ಟುಬಂದ ಹತ್ತಿರದ ಬಂಧು ಯಾರು ಎಂಬ ಪ್ರಶ್ನೆಯೂ 1907ರಿಂದ ಇದೆ. ಪಟ್ಟಿಯ ಅಂಚಿನಲ್ಲೋ ಹೆಸರಿನ ಮೇಲೋ ಬೇರೆ ಶಾಯಿಯಲ್ಲಿ ಸಂಖ್ಯೆ, ದಿನಾಂಕ ಗೀಚಿದ್ದರೆ ಅದು ಪೌರತ್ವ ಕೊಡುವಾಗ ಹಳೆಯ ಪಟ್ಟಿ ತೆಗೆದು ತಾಳೆ ನೋಡಿದ ಗುರುತು. ಅದಿದ್ದರೆ ಆಸಾಮಿ ನಿಮ್ಮವರೇ.

ಪ್ಯಾಟರ್ಸನ್ ಸೊಸೆ

ಸಿಕ್ಕರು! ಸೂಚಿಯಲ್ಲಿ ಮೊದಲ ಅಕ್ಷರ 'ಎಸ್' ಬದಲು 'ಎಲ್' ಆಗಿತ್ತು. ಸಂಶಯಪ್ಪನವರಿಗೆ ಒಂದು ಡಬ್ಬಿ ಮೈಸೂರು ಪಾಕು ಬಾಕಿ.

ಎಡ ಪುಟ: ವಯಸ್ಸು 21, ಕೂಲಿ, 'ದಕ್ಷಿಣ ಇಟಲಿಯವ'. ಮನೆತನದ ಹೆಸರು ಕೊನೆಯ ಸ್ವರದ ಸಮೇತ ನೆಟ್ಟಗಿದೆ. ಬಲ ಪುಟ: ಹಿಂದೆ ಅಮೆರಿಕದಲ್ಲಿ ಇದ್ದದ್ದು ಹೌದು, 1905ರಿಂದ 1908, ಪ್ಯಾಟರ್ಸನ್. ಅಂದರೆ ಎರಡು ಜನಗಣತಿಗಳೂ ಸರಿ. ಅವರು ಎರಡು ಸಲ ಬಂದಿದ್ದಾರೆ! ಹುಟ್ಟಿದ ಊರು ಕಾಂಪೊಬಾಸ್ಸೊ ಪ್ರಾಂತ್ಯದ ಒಂದು ಬೆಟ್ಟದೂರು. ಅಂಚಿನಲ್ಲಿ 1927ರ ದಿನಾಂಕ ಗೀಚಿದೆ.

ಹತ್ತಿರದ ಬಂಧು ಎಂಬ ಅಂಕಣ ಓದಿ ಕುರ್ಚಿಯಲ್ಲಿ ಹಿಂದಕ್ಕೆ ಕುಳಿತೆ. 'ಹೆಂಡತಿ' ಎಂದಿದೆ. ಹೆಸರೂ ಇದೆ. ಅದು ನಮ್ಮ ಹಿರಿಯಜ್ಜಿಯ ಹೆಸರಲ್ಲ. ಹಿರಿಯಜ್ಜಿ ಪ್ಯಾಟರ್ಸನ್ನಿನಲ್ಲೇ ಹುಟ್ಟಿ ಬೆಳೆದವರು, ಮದುವೆಯಾದದ್ದು 1914ರಲ್ಲಿ.

ನಿವೃತ್ತ ನೋಂದಣಿಗಾರ

ತಾಯಿ, ಕಡತ ತೆರೆಯುವಾಗ ಇದೊಂದು ಯಾವಾಗಲೂ ಇದ್ದದ್ದೇ. ಜಮೀನಿನ ಪಹಣಿ ಕೇಳಲು ಬಂದವರು ಅಪ್ಪನ ಎರಡನೆಯ ಸಂಸಾರವನ್ನು ಕಂಡು ಬೆವರಿದ್ದನ್ನು ನನ್ನ ಮೇಜಿನ ಎದುರೇ ನೋಡಿದ್ದೇನೆ. ಅವಸರದ ತೀರ್ಮಾನ ಬೇಡ. ಆಕೆ ತೀರಿಕೊಂಡಿರಬಹುದು.

ತೊರಿನೊ ಕನ್ನಡಿಗ

ಅಕ್ಕ, ಹೋಗಿ ಮರಳಿ ಮತ್ತೆ ಹೋಗುವುದು ಆ ಕಾಲದ ಗಂಡಸರಲ್ಲಿ ತೀರ ಸಾಮಾನ್ಯ. ಒಂದೆರಡು ವರ್ಷ ದುಡಿದು, ಊರಿಗೆ ಬಂದು ಸಾಲ ತೀರಿಸಿ ಮದುವೆಯಾಗಿ, ಮತ್ತೆ ಹಡಗು ಹತ್ತುತ್ತಿದ್ದರು. ಅಮೆರಿಕದ ಪತ್ರಿಕೆಗಳು ಅವರನ್ನು ವಲಸೆ ಹಕ್ಕಿಗಳು ಎಂದು ಹಂಗಿಸುತ್ತಿದ್ದವು. 'ಮತ್ತೆ ಇಟಲಿಗೆ ಹೋಗಲಿಲ್ಲ' ಎಂಬ ಮನೆಯ ಮಾತು 1909ರ ನಂತರಕ್ಕೆ ನಿಜವಿರಬಹುದು.

ಈಗ ಊರು ಸಿಕ್ಕಿತಲ್ಲ, ಇಟಲಿಗೆ ಬನ್ನಿ. 'ಆಂತೆನಾತಿ' ಎಂಬ ಸರಕಾರಿ ಜಾಲತಾಣವಿದೆ, ಪೂರ್ವಜರು ಎಂದು ಅರ್ಥ. ಪ್ರಾಂತ್ಯಗಳ ರಾಜ್ಯ ದಾಖಲಾಗಾರದಲ್ಲಿರುವ ಜನನ, ವಿವಾಹ, ಮರಣದ ಪುಸ್ತಕಗಳ ಚಿತ್ರಗಳು ಅದರಲ್ಲಿವೆ. ದುಡ್ಡಿಲ್ಲ. ಇಟಲಿಯ ಬಹುಭಾಗದಲ್ಲಿ ಸರಕಾರಿ ನೋಂದಣಿ 1866ಕ್ಕೆ ಶುರುವಾದರೆ, ನೇಪಲ್ಸ್ ಸೀಮೆಯಲ್ಲಿ 1809ರಿಂದಲೇ ಇದೆ. ನೆಪೋಲಿಯನ್ನನ ತಂಗಿಯ ಗಂಡ ಮ್ಯುರಾ ಅಲ್ಲಿ ದೊರೆಯಾಗಿದ್ದ ಕಾಲ.

ಭಾಷೆ ಬಾರದಿದ್ದರೂ ಹೆದರಬೇಡಿ. ಅರ್ಧ ಅಚ್ಚಾದ ನಮೂನೆ, ಪ್ರತಿ ಪುಟದಲ್ಲೂ ಅದೇ ವಾಕ್ಯ. ವರ್ಷದ ಪುಸ್ತಕದ ಕೊನೆಯ ಪುಟಗಳಿಗೆ ಮೊದಲು ಹೋಗಿ, ಅಲ್ಲಿ ಹೆಸರಿನ ಸೂಚಿ ಇರುತ್ತದೆ. ಹೆಂಗಸರನ್ನು ತವರಿನ ಹೆಸರಿನಲ್ಲೇ ಹುಡುಕಿ. ಮದುವೆಯಾದರೂ ಇಟಲಿಯ ಕಾಗದದಲ್ಲಿ ಅವರ ಹೆಸರು ಬದಲಾಗುವುದಿಲ್ಲ.

ತಂದೆಯ ಹೆಸರಿನ ಮುಂದೆ ಒಂದು ಪುಟ್ಟ ಪದವಿರುತ್ತದೆ, ಅದನ್ನು ಬಿಡದೆ ಓದಿ. 'ದಿ' ಎಂದಿದ್ದರೆ ಆತ ಬದುಕಿದ್ದಾನೆ. 'ಫು' ಎಂದಿದ್ದರೆ ತೀರಿಕೊಂಡಿದ್ದಾನೆ. ಒಂದೇ ಹೆಸರಿನ ನಾಲ್ವರಿರುವ ಹಳ್ಳಿಯಲ್ಲಿ ಯಾರು ಯಾರೆಂದು ಬಿಡಿಸಲು ಇದೇ ಕೀಲಿಕೈ.

ನಿವೃತ್ತ ನೋಂದಣಿಗಾರ

1809! ನಮ್ಮಲ್ಲಿ ಈಗ ನಡೆಯುತ್ತಿರುವ ಜನನ ಮರಣ ನೋಂದಣಿ ಕಾಯಿದೆಯೇ 1969ರದ್ದು. ಹೊಟ್ಟೆಕಿಚ್ಚಾಗುತ್ತಿದೆ. 'ಫು' ಎಂಬುದು ನಮ್ಮ ಪತ್ರಗಳ 'ಲೇಟ್' ಇದ್ದಂತೆ. 'ಬಿನ್ ಲೇಟ್' ಎಂದು ಎಷ್ಟು ಸಾವಿರ ಸಲ ಬರೆದಿದ್ದೇನೋ.

ಹೊಸಬಳು

ಒಂದು ಪ್ರಶ್ನೆ. ಇಷ್ಟೆಲ್ಲ ದಾಖಲೆ ಸಿಕ್ಕರೆ ನಿಮ್ಮ ಯಜಮಾನರಿಗೆ ಇಟಲಿಯ ಪಾಸ್‌ಪೋರ್ಟ್ ಸಿಗುತ್ತದೆಯಲ್ಲವೇ? ನಮ್ಮ ಕಚೇರಿಯಲ್ಲಿ ಒಬ್ಬರು ಹಾಗೆ ಮಾಡಿಸಿಕೊಂಡರು.

ತೊರಿನೊ ಕನ್ನಡಿಗ

ಮೊದಲು ಎಷ್ಟು ತಲೆಮಾರು ಹಿಂದಿನವರಾದರೂ ಆಗುತ್ತಿತ್ತು. 2025ರ ಮಾರ್ಚ್ 28ರ ಸುಗ್ರೀವಾಜ್ಞೆ ಮತ್ತು ಮೇ ತಿಂಗಳಲ್ಲಿ ಅದನ್ನು ಖಾಯಂ ಮಾಡಿದ ಕಾನೂನಿನ ನಂತರ ಹೊರದೇಶದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ತಂದೆ ತಾಯಿ ಅಥವಾ ಅಜ್ಜ ಅಜ್ಜಿಯವರೆಗೆ ಮಾತ್ರ. ಅದರಲ್ಲೂ ಆ ಹಿರಿಯರಿಗೆ ಇಟಲಿಯ ಪೌರತ್ವ ಒಂದೇ ಇದ್ದಿರಬೇಕು. ಅಕ್ಕನ ಗಂಡನಿಗೆ ಹಿರಿಯಜ್ಜ ಮುತ್ತಜ್ಜನಾಗಬೇಕು. ಆ ಬಾಗಿಲು ಮುಚ್ಚಿದೆ.

ಪ್ಯಾಟರ್ಸನ್ ಸೊಸೆ

ನಮಗೆ ಬೇಡವೂ ಬೇಡ. ನಾನು ಹೊರಟದ್ದು ಮಾವನವರಿಗೆ ಒಂದು ಊರು ತೋರಿಸಲು.

ಆಂತೆನಾತಿಯಲ್ಲಿ ಮೂರು ದಿನ ಕುಳಿತೆ. 1909ರ ಜನವರಿಯಲ್ಲಿ ಮದುವೆ ಸಿಕ್ಕಿತು. ಹಿರಿಯಜ್ಜ 'ಕೊಂತದೀನೊ', ರೈತ. ಆಕೆಯ ಕಸುಬು 'ಫಿಲಾತ್ರಿಚೆ', ನೂಲುವವಳು. ನನಗೆ ಯಾಕೋ ರಾಮನಗರದ ನಮ್ಮಜ್ಜಿ ಕಣ್ಮುಂದೆ ಬಂದರು. ಹಿರಿಯಜ್ಜನ ಅಪ್ಪನ ಹೆಸರಿನ ಮುಂದೆ 'ಫು'.

1910ರ ಪುಸ್ತಕದ ಸೂಚಿಯಲ್ಲಿ ಒಂದು ಹೆಣ್ಣುಮಗು. ಪುಟದ ಕೈಬರಹ ನನಗೆ ಪೂರ್ತಿ ಓದಲಾಗುತ್ತಿಲ್ಲ, ಚಿತ್ರ ಹಾಕಿದ್ದೇನೆ. ಅಪ್ಪನ ಸಹಿ ಇರಬೇಕಾದಲ್ಲಿ ಬೇರೆ ಯಾರೋ ಹೆಂಗಸಿನ ಹೆಸರಿದೆ.

ತೊರಿನೊ ಕನ್ನಡಿಗ

ಆಕೆ 'ಲೆವಾತ್ರಿಚೆ', ಸೂಲಗಿತ್ತಿ. ಮಗುವನ್ನು ಕೊಮೂನೆಯ ಕಚೇರಿಗೆ ತೋರಿಸಿ ಜನನ ಬರೆಸುವುದು ಅಪ್ಪನ ಕೆಲಸ. ಅಪ್ಪ ಇಲ್ಲದಿದ್ದರೆ ಹೆರಿಗೆ ಮಾಡಿಸಿದವಳು ಹೋಗಬೇಕು, ಏಕೆ ತಾನು ಬಂದೆ ಎಂದೂ ಹೇಳಬೇಕು. ಇಲ್ಲಿ ಬರೆದಿರುವ ಕಾರಣ ಸರಳವಾಗಿ ಹೀಗಿದೆ: ಗಂಡ ದೂರದಲ್ಲಿರುವುದರಿಂದ, ಅವನ ಬದಲು. ಆ ಬೆಟ್ಟದೂರುಗಳ ಪುಸ್ತಕಗಳಲ್ಲಿ ಆ ವರ್ಷಗಳಲ್ಲಿ ಇಂಥ ಪುಟಗಳು ಬಹಳ ಇವೆ ಅಕ್ಕ. ಊರಿಗೆ ಊರೇ ಹಡಗು ಹತ್ತಿದ ಕಾಲ.

ಪ್ಯಾಟರ್ಸನ್ ಸೊಸೆ

ಇನ್ನೊಂದು ಕೇಳಿ. ಆ ಮಗುವಿನ ಹೆಸರೂ ಮಾವನವರ ಸೋದರತ್ತೆಯ ಹೆಸರೂ ಒಂದೇ. ಪ್ಯಾಟರ್ಸನ್ನಿನಲ್ಲಿ ಹುಟ್ಟಿದ ಮೊದಲ ಮಗಳು ಅವರು, ನಾನು ಬರುವ ಮುಂಚೆಯೇ ತೀರಿಕೊಂಡರು.

ಸಂಶಯಪ್ಪ

ಹಾಗಾದರೆ ಆ ಹಳ್ಳಿಯ ಮಗು ಉಳಿಯಲಿಲ್ಲ ಎಂದು ನನ್ನ ಊಹೆ. ದಕ್ಷಿಣ ಇಟಲಿಯಲ್ಲಿ ಹೆಸರಿಡುವ ಕಟ್ಟಳೆ ಬಿಗಿ. ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಮೊದಲ ಮಗಳಿಗೆ ಅಪ್ಪನ ಅಮ್ಮನ ಹೆಸರು. ನಮ್ಮಲ್ಲೂ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದಿಲ್ಲವೇ. ಮಗು ಸತ್ತರೆ ಅದೇ ಹೆಸರನ್ನು ಮುಂದಿನ ಮಗುವಿಗೆ ಇಡುತ್ತಿದ್ದರು. 1914ರ ನಂತರ ಅದೇ ಹೆಸರು ಮರುಕಳಿಸಿದೆ ಎಂದರೆ ಮೊದಲಿನದು ಇರಲಿಲ್ಲ. ಬೇಸರದ ಮಾತು, ಆದರೆ ಲೆಕ್ಕ ಹಾಗೆ ಹೇಳುತ್ತದೆ.

ಕೊಡಿಯಾಲದ ಪೊರ್ಬು

ಇಗರ್ಜಿಯ ಪುಸ್ತಕ ತರಿಸಿದಿರಾ? ಅದರಲ್ಲಿ ಗಂಡು ಅವಿವಾಹಿತನೋ ವಿಧುರನೋ ಎಂದು ಇರಲೇಬೇಕು.

ಪ್ಯಾಟರ್ಸನ್ ಸೊಸೆ

ಇವತ್ತೇ ಬಂತು. ಲ್ಯಾಟಿನ್‌ನಲ್ಲಿ 'ವಿದುವುಸ್' ಎಂದಿದೆ. ವಿಧುರ. ಪದವೇ ನಮ್ಮದರಂತಿದೆ! ಮೊದಲ ಹೆಂಡತಿಯ ಹೆಸರೂ ಇದೆ. ಅಂದರೆ ಅವರು ಮುಚ್ಚಿಡಲಿಲ್ಲ. ಹಿರಿಯಜ್ಜಿಗೆ ಗೊತ್ತಿತ್ತು.

ತೊರಿನೊ ಕನ್ನಡಿಗ

ಸಂಶಯಪ್ಪನವರೇ, ಒಂದು ನಿಮಿಷ. ಮಗುವಿನ ಜನನದ ಪುಟವನ್ನು ಮತ್ತೆ ನೋಡಿದೆ. ಎಡಗಡೆಯ ಅಂಚು ಮಡಚಿದ ನೆರಳಿನಲ್ಲಿ ಮುಚ್ಚಿಹೋಗಿದೆ. ಬೆಳಕು ಏರಿಸಿ ನೋಡಿದರೆ ಬೇರೆ ಕೈಬರಹದ ನಾಲ್ಕು ಸಾಲುಗಳಿವೆ. ಇಟಲಿಯಲ್ಲಿ ಮದುವೆಯಾದರೆ ಅದನ್ನು ಜನನ ಪುಟದ ಅಂಚಿನಲ್ಲಿ ಬರೆಯುತ್ತಾರೆ. ಈಕೆ 1931ರಲ್ಲಿ ಅದೇ ಊರಿನಲ್ಲಿ ಮದುವೆಯಾಗಿದ್ದಾಳೆ.

ಸಂಶಯಪ್ಪ

ನನ್ನ ಲೆಕ್ಕ ತಪ್ಪಿತು. ಒಬ್ಬ ಗಂಡಸಿಗೆ ಎರಡು ಸಂಸಾರ, ಆದರೆ ಅವನನ್ನು ಹೆತ್ತ ಅಮ್ಮ ಒಬ್ಬಳೇ. ಎರಡು ಕಡೆಯೂ ಮೊದಲ ಮಗಳಿಗೆ ಆಕೆಯದೇ ಹೆಸರು. ಕಟ್ಟಳೆಯನ್ನು ನಾನೇ ಹೇಳಿ ನಾನೇ ಅರ್ಧ ಓದಿದೆ.

ನಿವೃತ್ತ ನೋಂದಣಿಗಾರ

ಅಂಚು ನೋಡದೆ ಷರಾ ಬರೆಯಬಾರದು ಎಂದು ನಮ್ಮ ಹಿರಿಯ ಸಾಹೇಬರು ಹೇಳುತ್ತಿದ್ದರು. ಬೈಗುಳದ ಸಮೇತ.

ಪ್ಯಾಟರ್ಸನ್ ಸೊಸೆ

ಮಾವನವರಿಗೆ ನಿನ್ನೆ ಎಲ್ಲವನ್ನೂ ಹೇಳಿದೆವು. ಹೆಸರಿನ ಕತೆಯನ್ನೂ ಸೇರಿಸಿ. ಗುಮಾಸ್ತನ ಬಗ್ಗೆ ನಾನು ಅಂದುಕೊಂಡಷ್ಟು ಬೇಸರಪಡಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, 'ಹಾಗಾದರೆ ನನಗೆ ಇನ್ನೊಬ್ಬ ಅತ್ತೆ ಇದ್ದಳು' ಎಂದರು. ಆಮೇಲೆ ಕೇಳಿದರು, ಹೆಂಡತಿ ಸತ್ತ ಮೇಲೆ ಆ ಮಗುವನ್ನು ಯಾಕೆ ಕರೆಸಿಕೊಳ್ಳಲಿಲ್ಲ? ಮರೆತೇಬಿಟ್ಟರೇ? ನನ್ನ ಹತ್ತಿರ ಉತ್ತರವಿರಲಿಲ್ಲ.

ತೊರಿನೊ ಕನ್ನಡಿಗ

ಕೊಮೂನೆಗೆ ಪತ್ರ ಬರೆಯೋಣ. ಇಟಲಿಯ ಭಾಷೆಯಲ್ಲಿ ನಾನು ಬರೆದುಕೊಡುತ್ತೇನೆ. ಒಂದು ಪತ್ರದಲ್ಲಿ ಎರಡು ವಿಷಯಕ್ಕಿಂತ ಹೆಚ್ಚು ಕೇಳಬಾರದು. ಸಣ್ಣ ಊರಿನ ಕಚೇರಿಯಲ್ಲಿ ಒಬ್ಬರೋ ಇಬ್ಬರೋ ಇರುತ್ತಾರೆ, ಉದ್ದದ ಪತ್ರ ಕಂಡರೆ ಪಕ್ಕಕ್ಕಿಡುತ್ತಾರೆ. ತಾಯಿಯ ಮರಣ, ಮಗಳ 1931ರ ಮದುವೆ, ಇವೆರಡರ ಪೂರ್ಣ ಪ್ರತಿ ಕೇಳೋಣ. ಸಾರಾಂಶ ಬೇಡ, 'ಕೋಪಿಯಾ ಇಂತೆಗ್ರಾಲೆ' ಎಂದೇ ಬರೆಯಬೇಕು. ಮಾವನವರ ಗುರುತಿನ ಚೀಟಿಯ ಬದಲು ಪಾಸ್‌ಪೋರ್ಟಿನ ಪ್ರತಿ ಲಗತ್ತಿಸಿ. ಆಗಸ್ಟ್ ಬರುವ ಮುಂಚೆ ಕಳಿಸಿ, ಆ ತಿಂಗಳು ಇಟಲಿಯಲ್ಲಿ ಯಾರೂ ಕುರ್ಚಿಯಲ್ಲಿ ಇರುವುದಿಲ್ಲ.

ಪ್ಯಾಟರ್ಸನ್ ಸೊಸೆ

ಏಳು ವಾರವಾದ ಮೇಲೆ ಉತ್ತರ ಬಂತು. ಎರಡು ಪ್ರತಿಗಳು.

ತಾಯಿ ತೀರಿಕೊಂಡದ್ದು 1912ರಲ್ಲಿ. ಮಗುವಿಗೆ ಎರಡು ವರ್ಷ.

ಎರಡನೆಯದು 1931ರ ಮದುವೆ. ತೊರಿನೊ ತಮ್ಮ ಹೇಳಿಕೊಟ್ಟಂತೆ ಮೊದಲು ಆ ಪುಟ್ಟ ಪದವನ್ನೇ ಹುಡುಕಿದೆ. ತಾಯಿಯ ಹೆಸರಿನ ಮುಂದೆ 'ಫು' ಇದೆ. ತಂದೆಯ ಹೆಸರಿನ ಮುಂದೆ 'ದಿ'. ಅದರ ಪಕ್ಕದಲ್ಲಿ 'ಅಮೆರಿಕದಲ್ಲಿ ವಾಸ' ಎಂದು ಬರೆದಿದ್ದಾರೆ.

ಸಂಶಯಪ್ಪ

ಮರಣದ ಸುದ್ದಿ ಬಾರದಿದ್ದರೂ ಗುಮಾಸ್ತ 'ದಿ' ಎಂದು ಬರೆದಾನು. ಆದರೆ ಎಲ್ಲಿದ್ದಾನೆಂದು ಬರೆಸಿದವರು ಯಾರೋ ಇರಬೇಕಲ್ಲ. ಮದುಮಗಳ ಕಡೆಯವರಿಗೆ ಆತ ಎಲ್ಲಿದ್ದಾನೆಂದು ತಿಳಿದಿತ್ತು. ಇಷ್ಟರ ಮಟ್ಟಿಗೆ ನಾನೂ ಒಪ್ಪುತ್ತೇನೆ.

ಈಗ ಇನ್ನೊಂದು ಕೆಲಸ ಬಾಕಿ ಇದೆ ಮೇಡಂ. ನೀವು ತಂದದ್ದು ಪೌರತ್ವದ ಮೊದಲ ಕಾಗದ ಮಾತ್ರ. ಅದರ ನಂತರದ ಅರ್ಜಿ ಬೇರೆ. ಆ ಅರ್ಜಿಯಲ್ಲಿ ಮಕ್ಕಳೆಲ್ಲರ ಹೆಸರು, ಹುಟ್ಟಿದ ದಿನ, ಪ್ರತಿಯೊಬ್ಬರೂ ಈಗ ಎಲ್ಲಿ ವಾಸವಾಗಿದ್ದಾರೆ ಎಂದು ಬರೆಯುವ ಸಾಲುಗಳಿರುತ್ತವೆ. ಪ್ರಮಾಣ ಮಾಡಿ ಬರೆಸುವ ಕಾಗದ ಅದು. ಅಲ್ಲಿ ನಾಲ್ಕು ಹೆಸರಿವೆಯೋ ಐದು ಇವೆಯೋ ನೋಡಿ.

ಪ್ಯಾಟರ್ಸನ್ ಸೊಸೆ

ಓದಿ ಹೇಳಿದೆ. ಸೋಮವಾರ ಕೌಂಟಿ ಕಚೇರಿಗೆ ಮಾವನವರೇ ಬರುತ್ತಾರಂತೆ. ಈಗಲೇ ಕನ್ನಡಕ ಒರೆಸಿಟ್ಟುಕೊಂಡಿದ್ದಾರೆ.